8 ವರ್ಷದ ಮಗಳಿಗೆ ‘ಬ್ರಿಡ್ಜ್ ಟು ಟೆರಾಬಿಥಿಯಾ’ ತೋರಿಸಬಹುದಾ?

ತೋರಿಸಿ. ಆದರೆ ನೀವೂ ಪಕ್ಕದಲ್ಲೇ ಕೂತು ನೋಡಿ.

2007ರ ಈ ಸಿನಿಮಾದ ಟ್ರೈಲರ್ ನೋಡಿದರೆ ಪೂರ್ತಿ ಮಾಯಾಲೋಕದ ಕಥೆ ಅನ್ನಿಸುತ್ತದೆ. ಅದನ್ನೇ ನಂಬಿ ನೋಡಿದವರು ಬೇಜಾರಾಗಿದ್ದು ಸಹಜ. ದೈತ್ಯರು, ವಿಚಿತ್ರ ಪ್ರಾಣಿಗಳು ಬರೋದು ಕಡಿಮೆ. ಕಥೆ ಜೆಸ್, ಲೆಸ್ಲಿ ಅನ್ನೋ ಇಬ್ಬರು ಮಕ್ಕಳ ಗೆಳೆತನದ್ದು. ಮಳೆಗೆ ತುಂಬಿದ ಹಳ್ಳವನ್ನು ಹಗ್ಗಕ್ಕೆ ಜೋತುಬಿದ್ದು ದಾಟುವಾಗ ಹಗ್ಗ ತುಂಡಾಗಿ ಲೆಸ್ಲಿ ಸಾಯುತ್ತಾಳೆ. ಅದನ್ನು ಕಣ್ಣಿಗೆ ತೋರಿಸುವುದಿಲ್ಲ. ಜೆಸ್ ಹೊರಗಡೆಯಿಂದ ಖುಷಿಯಾಗಿ ಮನೆಗೆ ಬರುತ್ತಾನೆ, ಮನೆಯವರು ಸುದ್ದಿ ಹೇಳುತ್ತಾರೆ. ಹಾಗಾಗಿ ಇನ್ನೂ ಜಾಸ್ತಿ ತಟ್ಟುತ್ತದೆ.

ನೀವು ತೀರ್ಥಹಳ್ಳಿ ಕಡೆಯವರು ಅಂದಿರಿ. ಮಳೆಗಾಲದಲ್ಲಿ ಅಡಿಕೆ ಮರದ ಕಾಲುಸಂಕ (ಹಳ್ಳದ ಮೇಲಿನ ಕಿರುಸೇತುವೆ) ದಾಟಿ ಶಾಲೆಗೆ ಹೋಗುವ ಮಕ್ಕಳಿರುವ ಊರು ನಮ್ಮದು. ಅಂಥ ಹಳ್ಳ ನಿಮ್ಮ ಮಗಳಿಗೂ ಗೊತ್ತಿರುತ್ತದೆ, ಅಲ್ವಾ? ಪ್ರಶ್ನೆ ಕೇಳೇ ಕೇಳುತ್ತಾಳೆ.

ಮಕ್ಕಳ ಕಥೆಯಲ್ಲಿ ಸಾವು ಬೇಡವಿತ್ತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಅಮೆರಿಕದ ಲೇಖಕಿ ಕ್ಯಾಥರೀನ್ ಪ್ಯಾಟರ್ಸನ್ ಈ ಸಿನಿಮಾಗೆ ಮೂಲವಾದ ಪುಸ್ತಕ ಬರೆದದ್ದೇ ತಮ್ಮ ಮಗನ ಗೆಳತಿ ಸಿಡಿಲು ಬಡಿದು ತೀರಿಕೊಂಡ ಮೇಲೆ. ಪುಸ್ತಕ ಬಂದಿದ್ದು 1977ರಲ್ಲಿ. ಆ ಮಗನೇ ಮುಂದೆ ಚಿತ್ರಕಥೆಗೂ ಕೈ ಹಾಕಿದ.

ಮಧ್ಯದಲ್ಲಿ ಅತ್ತರೆ ಟಿವಿ ಆರಿಸಬೇಡಿ. ಜೆಸ್ ತನ್ನ ಪುಟ್ಟ ತಂಗಿಗಾಗಿ ಸಂಕ ಕಟ್ಟುವುದು ಕೊನೆಯಲ್ಲೇ, ಅದನ್ನು ನಿಮ್ಮ ಮಗಳು ನೋಡಲೇಬೇಕು.