ಸ್ಪೇನಿನ ಗ್ರಾನ್ ರೆಸೆರ್ವಾ ರೆಡ್ ವೈನ್ ಜೊತೆ ಮಟನ್ ಸಾರು ಮಾಡಲೋ, ಮಟನ್ ಚಾಪ್ಸ್ ಮಾಡಲೋ? ಭಾವನ ಮನೆಯವರು ಊಟಕ್ಕೆ ಬರುತ್ತಿದ್ದಾರೆ.

ಎರಡೂ ಬೇಡ. ನಾನು ಸಾರು ಮಾಡಿ ಕೆಟ್ಟವನು, ಅದಕ್ಕೇ ಹೇಳುತ್ತಿದ್ದೇನೆ.

ಆಗ ಕೆಲಸದ ಮೇಲೆ ಲೊಗ್ರೊನ್ಯೊದಲ್ಲಿದ್ದೆ. ರಿಯೋಹಾ ವೈನ್ ಸೀಮೆಯ ಮುಖ್ಯ ಊರು ಅದು. ಆಫೀಸಿನವರನ್ನು ಮನೆಗೆ ಕರೆದು, ಅಮ್ಮ ಕಳಿಸಿದ್ದ ಖಾರದ ಪುಡಿ ಧಾರಾಳವಾಗಿ ಹಾಕಿ ಮಟನ್ ಸಾರು ಮಾಡಿದೆ. ವೈನ್ ಊರಿನವರು, ಸುಮ್ನೆ ಯಾವುದೋ ಬಾಟಲಿ ಇಟ್ಟರೆ ಮರ್ಯಾದೆ ಹೋಗುತ್ತೆ ಅಂತ ಅಂಗಡಿಯಲ್ಲಿದ್ದ ದುಬಾರಿ ಗ್ರಾನ್ ರೆಸೆರ್ವಾನೇ ತಂದೆ. ಒಂದು ತುತ್ತು ಸಾರು, ಮೇಲೊಂದು ಗುಟುಕು ವೈನ್. ಬಾಯಿ ಧಗಧಗ ಉರಿಯಿತು. ವೈನ್ ಬರೀ ಕಹಿ, ಎಳೆ ಬಾಳೆಕಾಯಿ ಕಚ್ಚಿದ ಹಾಗೆ ಒಗರು. ಒಬ್ಬರು ಗ್ಲಾಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಿಯರ್ ಇದೆಯಾ ಅಂತ ಕೇಳಿದರು.

ಗ್ರಾನ್ ರೆಸೆರ್ವಾ ಅಂದರೆ ಫಸ್ಟ್ ರ‍್ಯಾಂಕ್ ಇದ್ದ ಹಾಗೆ, ಯಾವುದರ ಜೊತೆಗಾದರೂ ನಡೆಯುತ್ತೆ ಅಂದುಕೊಂಡಿದ್ದೆ. ಆ ಹೆಸರು ಹೇಳುವುದು ಮುಖ್ಯವಾಗಿ ವೈನ್ ಎಷ್ಟು ಕಾಲ ಕೂತಿತ್ತು ಅನ್ನುವುದನ್ನು. ರಿಯೋಹಾದ ನಿಯಮದಲ್ಲಿ ಕ್ರಿಯಾಂಥಾ ಅನ್ನುವ, ಇದಕ್ಕಿಂತ ಕಡಿಮೆ ಕಾಲ ಕೂತ ಕೆಂಪು ವೈನ್‌ಗೆ ಕನಿಷ್ಠ 2 ವರ್ಷ, ಅದರಲ್ಲಿ 1 ವರ್ಷ ಓಕ್ ಪೀಪಾಯಿಯಲ್ಲಿ. ರೆಸೆರ್ವಾಕ್ಕೆ 3 ವರ್ಷ. ಗ್ರಾನ್ ರೆಸೆರ್ವಾಕ್ಕೆ 5 ವರ್ಷ, ಅದರಲ್ಲಿ ಪೀಪಾಯಿಯಲ್ಲಿ 2, ಬಾಟಲಿಯಲ್ಲಿ 2. ಅಷ್ಟು ಹೊತ್ತಿಗೆ ತೆಂಪ್ರಾನಿಯೋ ದ್ರಾಕ್ಷಿಯ ಹಸಿ ಹಣ್ಣಿನ ರುಚಿ ಇಳಿದು ಒಣಹಣ್ಣು, ಚರ್ಮ, ತಂಬಾಕು, ವೆನಿಲಾದ ವಾಸನೆ ಮೂಡಿರುತ್ತೆ. ಎಲ್ಲ ಬಲು ನಾಜೂಕು. ಖಾರ ತಿಂದ ನಾಲಿಗೆಗೆ ಇವು ಯಾವುವೂ ಸಿಗಲ್ಲ, ಸಿಗುವುದು ಶೇ. 14ರ ಹತ್ತಿರದ ಆಲ್ಕೋಹಾಲ್ ಮತ್ತು ದ್ರಾಕ್ಷಿ ಸಿಪ್ಪೆ, ಪೀಪಾಯಿಯಿಂದ ಬರುವ ಟ್ಯಾನಿನ್‌ನ ಒಗರು ಮಾತ್ರ. ಆಲ್ಕೋಹಾಲ್ ಖಾರವನ್ನು ಏರಿಸುತ್ತೆ, ಖಾರ ಒಗರನ್ನು ಏರಿಸುತ್ತೆ, ಮಧ್ಯೆ ನಿಮ್ಮ ದುಡ್ಡು ಹೋಗುತ್ತೆ. ನಮ್ಮ ಕಡೆಯ ಚಾಪ್ಸ್ ಅಂದರೂ ಮಸಾಲೆ ಗೊಜ್ಜೇ ಅಲ್ವಾ, ಅದೇ ಕಥೆ.

ಅಲ್ಲಿಯವರು ಕುರಿಮರಿಯ ಸಣ್ಣ ಸಣ್ಣ ಪಕ್ಕೆಲುಬಿನ ತುಂಡುಗಳನ್ನು ಒಣಗಿದ ದ್ರಾಕ್ಷಿ ಕಡ್ಡಿಯ ಕೆಂಡದ ಮೇಲೆ ಸುಡುತ್ತಾರೆ. ಬರೀ ಕಲ್ಲುಪ್ಪು. ಕೊಬ್ಬು ತೊಟ್ಟಿಕ್ಕಿ ಚರ್ ಅನ್ನುತ್ತೆ, ಅಂಚು ಗರಿಗರಿ ಆಗುತ್ತೆ, ಮೂಳೆ ಕೈಯಲ್ಲಿ ಹಿಡಿದೇ ತಿನ್ನಬೇಕು. ಆ ಕೊಬ್ಬು, ಉಪ್ಪು ಬಾಯಲ್ಲಿರುವಾಗ ಅದೇ ವೈನ್ ಕುಡಿದರೆ ಒಗರು ಎಲ್ಲಿ ಹೋಯಿತೋ ಗೊತ್ತಾಗಲ್ಲ. ಚೊರಿಸೊ ಅನ್ನುವ ಹಂದಿಮಾಂಸದ ಸಾಸೇಜ್ ಹಾಕಿದ ಅವರ ಆಲೂಗಡ್ಡೆ ಸಾರು ನೋಡೋಕೆ ಕೆಂಪಗೆ ಹೆದರಿಸುತ್ತೆ, ಖಾರ ಬ್ಯಾಡಗಿಯಷ್ಟೂ ಇರಲ್ಲ. ಅದಕ್ಕೂ ಎಳೆಯ ವೈನೇ ಚಂದ ಅಂತ ನನ್ನ ಮತ.

ನೀವು ದುಬಾರಿ ಬಾಟಲಿಗೆ ದೊಡ್ಡ ಅಡುಗೆ ಬೇಕು ಅಂದುಕೊಂಡಿದ್ದೀರಿ. ಅದೇ ತಪ್ಪು ಲೆಕ್ಕ. ಮಟನ್ ತುಂಡಿಗೆ ಉಪ್ಪು, ಬೆಳ್ಳುಳ್ಳಿ ಸವರಿ ಕಾವಲಿ ಮೇಲೆ ಸುಟ್ಟು ಬಡಿಸಿ, ಮೆಣಸಿನ ಡಬ್ಬಿ ಮುಟ್ಟಬೇಡಿ. ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕೆ ಇಳಿಯುತ್ತೆ. ಕುಡಿಯಬೇಕಾದದ್ದು 16ರಿಂದ 18 ಡಿಗ್ರಿಯಲ್ಲಿ. ರೂಮ್ ಟೆಂಪರೇಚರ್ ಅನ್ನುವ ಮಾತು ನಮ್ಮ ಬೇಸಿಗೆಗೆ ಹೇಳಿದ್ದಲ್ಲ, ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಭಾವನಿಗೆ ಸಾರೇ ಬೇಕು ಅಂದರೆ ಮುದ್ದೆ ಜೊತೆ ಸಾರು ಬಡಿಸಿ, ಬಿಯರ್ ತರಿಸಿ, ಈ ಬಾಟಲಿ ಬೀರುವಿನಲ್ಲೇ ಇರಲಿ.