ಬೇವಿನ ಮರ ಕೆಂಪಾಗಬೇಕಾದರೆ ಯಾವ ಫಿಲ್ಟರ್?

ಪ್ರಶ್ನೆ: ನನ್ನ ಡಿಎಸ್‌ಎಲ್‌ಆರ್ ಕ್ಯಾಮೆರಾಕ್ಕೆ 720 ನ್ಯಾನೋಮೀಟರ್‌ನ ಅವಗೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ) ಫಿಲ್ಟರ್ ಹಾಕಿ ಗೋಳಗುಮ್ಮಟದ ಎದುರಿನ ಉದ್ಯಾನದ ಚಿತ್ರ ತೆಗೆದೆ. ಸುಡುಬಿಸಿಲಿನಲ್ಲಿಯೂ ಹಲವು ಸೆಕೆಂಡುಗಳ ಎಕ್ಸ್‌ಪೋಶರ್ ಬೇಕಾಯಿತು. ಚಿತ್ರವೆಲ್ಲ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ವೈಟ್ ಬ್ಯಾಲೆನ್ಸ್ ಸರಿಪಡಿಸಿದರೆ ಮರಗಳು ಬೆಳ್ಳಗಾಗುತ್ತವೆ. ಹಳೆಯ ಕೊಡಾಕ್ ಏರೋಕ್ರೋಮ್ ಎಂಬ ಅವಗೆಂಪು ಫಿಲ್ಮಿನಲ್ಲಿ ಕಾಣುವಂತೆ ಎಲೆಗಳು ಕೆಂಪಾಗಬೇಕಾದರೆ ಯಾವ ಬಣ್ಣದ ಫಿಲ್ಟರ್ ಕೊಳ್ಳಬೇಕು? ಅದಕ್ಕಾಗಿ ಕ್ಯಾಮೆರಾ ಬಿಚ್ಚಿಸಲೇಬೇಕೆ?
– ಓದುಗರೊಬ್ಬರು, ವಿಜಯಪುರ

ಉತ್ತರ: ಏರೋಕ್ರೋಮ್‌ಗೆ ಹಾಕುತ್ತಿದ್ದುದು ನಿಮ್ಮಲ್ಲಿರುವಂಥ ಕಪ್ಪು ಫಿಲ್ಟರ್ ಅಲ್ಲ, ಹಳದಿ ಫಿಲ್ಟರ್. ಆ ಫಿಲ್ಮಿನ ಮೂರು ಪದರಗಳು ಹಸಿರು, ಕೆಂಪು ಮತ್ತು ಅವಗೆಂಪು ಬೆಳಕನ್ನು ಕ್ರಮವಾಗಿ ನೀಲಿ, ಹಸಿರು ಮತ್ತು ಕೆಂಪು ಬಣ್ಣಗಳಾಗಿ ತೋರಿಸುತ್ತಿದ್ದವು. ಮೂರಕ್ಕೂ ನೀಲಿ ಬೆಳಕು ತಾಗುತ್ತಿದ್ದುದರಿಂದ ಅದನ್ನು ತಡೆಯಲೆಂದೇ ಹಳದಿ ಗಾಜು ಬೇಕಾಗುತ್ತಿತ್ತು. ಎಲೆಯ ಪತ್ರಹರಿತ್ತು (ಕ್ಲೋರೋಫಿಲ್) ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆಯೇ ಹೊರತು ಅವಗೆಂಪನ್ನಲ್ಲ. ಎಲೆಯೊಳಗಿನ ಜೀವಕೋಶಗಳು ಅದನ್ನು ಚದುರಿಸಿ ಹಿಂದಕ್ಕೆ ಕಳಿಸುವುದರಿಂದ ಎಲೆ ಕಡುಗೆಂಪಾಗಿ ಮೂಡುತ್ತದೆ. ನಮ್ಮ ಐಆರ್‌ಎಸ್ ದೂರಸಂವೇದಿ ಉಪಗ್ರಹಗಳ ಹುಸಿಬಣ್ಣದ ಚಿತ್ರಗಳಲ್ಲಿ ಘಟಪ್ರಭೆಯ ದಂಡೆಯ ಕಬ್ಬಿನ ಹೊಲಗಳು ಕೆಂಪಾಗಿ ಕಾಣುವುದಕ್ಕೂ ಇದೇ ಅದಲುಬದಲು ಕಾರಣ.

720ರ ಫಿಲ್ಟರ್ ಸುಮಾರು ಅಷ್ಟು ನ್ಯಾನೋಮೀಟರ್‌ಗಿಂತ ಉದ್ದದ ತರಂಗಗಳನ್ನಷ್ಟೇ ಒಳಬಿಡುವುದರಿಂದ ಹಸಿರನ್ನು ಪೂರ್ತಿಯಾಗಿ, ಕೆಂಪನ್ನು ಬಹುಪಾಲು ತಡೆದುಬಿಡುತ್ತದೆ. ಬಣ್ಣವೆನ್ನುವುದು ಬೇರೆ ಬೇರೆ ಬೆಳಕುಗಳ ನಡುವಿನ ಅಂತರ. ಆ ಅಂತರವೇ ಸೆನ್ಸರಿಗೆ ತಲುಪದಿದ್ದರೆ ಯಾವ ಸಾಫ್ಟ್‌ವೇರ್ ಕೂಡ ಅದನ್ನು ಮರಳಿ ತರಲಾರದು. ಇನ್ನು ದೀರ್ಘ ಎಕ್ಸ್‌ಪೋಶರ್‌ಗೆ ಕಾರಣ, ಸೆನ್ಸರಿನ ಮುಂದೆ ತಯಾರಕರು ಅವಗೆಂಪನ್ನು ತಡೆಯಲೆಂದು ಕೂರಿಸಿರುವ ಗಾಜು. ಸಿಲಿಕಾನ್ ಸೆನ್ಸರ್ ಸುಮಾರು 1100 ನ್ಯಾನೋಮೀಟರ್‌ವರೆಗೆ ನೋಡಬಲ್ಲದು, ಆದರೆ ಈ ಗಾಜು ಅದಕ್ಕೆ ಅವಕಾಶ ಕೊಡುವುದಿಲ್ಲ.

ಆದರೂ ಹೊಸದೇನನ್ನೂ ಕೊಳ್ಳದೆ ನೀವು ಕೆಂಪೆಲೆಯನ್ನು ಪಡೆಯಬಹುದು. ಗಾಳಿಯಿಲ್ಲದ ಬೆಳಗಿನಲ್ಲಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಬಿಗಿಯಾಗಿ ನಿಲ್ಲಿಸಿ, ಫಿಲ್ಟರ್ ಇಲ್ಲದೆ ಒಂದು ರಾ (ಕ್ಯಾಮೆರಾ ಸಂಸ್ಕರಿಸದ) ಚಿತ್ರವನ್ನು, ಕ್ಯಾಮೆರಾ ಕದಲದಂತೆ ಫಿಲ್ಟರ್ ತಿರುಗಿಸಿ ಹಾಕಿ ಇನ್ನೊಂದನ್ನು ತೆಗೆಯಿರಿ. (ಸ್ಮಾರಕದ ಆವರಣದಲ್ಲಿ ಟ್ರೈಪಾಡ್‌ಗೆ ಅನುಮತಿಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.) ಅವಗೆಂಪು ಬೆಳಕಿನ ಫೋಕಸ್ ತುಸು ಬೇರೆಡೆ ಬೀಳುವುದರಿಂದ ಅಪರ್ಚರ್ ಅನ್ನು ಎಫ್/8ರ ಆಸುಪಾಸಿಗೆ ಕಿರಿದು ಮಾಡಿ. ಬಳಿಕ ಜಿಂಪ್ ಅಥವಾ ಫೋಟೋಶಾಪ್‌ನಲ್ಲಿ ಎರಡನೆಯದನ್ನು ಕಪ್ಪು-ಬಿಳುಪಾಗಿಸಿ ಕೆಂಪು ಚಾನೆಲ್‌ಗೆ (ಚಿತ್ರದ ಕೆಂಪು, ಹಸಿರು, ನೀಲಿ ಪದರಗಳಲ್ಲಿ ಕೆಂಪಿನದಕ್ಕೆ) ಹಾಕಿ, ಮೊದಲ ಚಿತ್ರದ ಕೆಂಪನ್ನು ಹಸಿರಿಗೂ ಹಸಿರನ್ನು ನೀಲಿಗೂ ಸರಿಸಿ, ನೀಲಿಯನ್ನು ಕೈಬಿಡಿ. ಹಾಗೆ ಕೈಬಿಟ್ಟಾಗ ಹಳದಿ ಫಿಲ್ಟರಿನ ಕೆಲಸ ತಾನಾಗಿಯೇ ಆಗಿರುತ್ತದೆ. ಗುಮ್ಮಟದ ಬೂದುಕಲ್ಲು ಬೂದಾಗಿಯೇ ಉಳಿದಿದೆಯೇ ಎಂದು ನೋಡಿಕೊಂಡು ಮೂರು ಚಾನೆಲ್‌ಗಳ ಪ್ರಮಾಣವನ್ನು ಹೊಂದಿಸಿಕೊಳ್ಳಿ.

ಗಾಳಿಗೆ ತೂಗುವ ಕಬ್ಬು, ಓಡಾಡುವ ಜನ ಇವುಗಳಿಗೆ ಈ ಉಪಾಯ ನಡೆಯದು. ಆಗ ಮಾತ್ರ ಆ ಗಾಜನ್ನು ತೆಗೆಸಿದ ಕ್ಯಾಮೆರಾ ಬೇಕು. ಅದಕ್ಕೆ ಗಾಢ ಹಳದಿ ಫಿಲ್ಟರ್ ಹಾಕಿದರೆ ನೀಲಿ ಬೆಳಕು ಒಳಬರದ ಕಾರಣ ನೀಲಿ ಚಾನೆಲ್‌ನಲ್ಲಿ ಹೆಚ್ಚುಕಡಿಮೆ ಅವಗೆಂಪಷ್ಟೇ ದಾಖಲಾಗುತ್ತದೆ, ಉಳಿದೆರಡರಲ್ಲಿ ಅವಗೆಂಪಿನ ಜೊತೆಗೆ ಕೆಂಪು, ಹಸಿರು ಬೆರೆತಿರುತ್ತವೆ. ಚಾನೆಲ್ ಮಿಕ್ಸರ್‌ನಲ್ಲಿ ಕೆಂಪಿನ ಸ್ಥಾನಕ್ಕೆ ನೀಲಿಯನ್ನು, ಹಸಿರಿನ ಸ್ಥಾನಕ್ಕೆ ಕೆಂಪಿನಿಂದ ನೀಲಿಯನ್ನು ಕಳೆದದ್ದನ್ನು, ನೀಲಿಯ ಸ್ಥಾನಕ್ಕೆ ಹಸಿರಿನಿಂದ ನೀಲಿಯನ್ನು ಕಳೆದದ್ದನ್ನು ಇಡಬೇಕು. ಈ ಕಳೆಯುವಿಕೆಯಿಂದ ನೆರಳಿನ ಭಾಗಗಳಲ್ಲಿ ನಾಯ್ಸ್ (ಚುಕ್ಕೆಚುಕ್ಕೆಯ ಕಲಬೆರಕೆ) ಹೆಚ್ಚುತ್ತದೆ, ಹಾಗಾಗಿ ಐಎಸ್‌ಒ ಕಡಿಮೆಯಿರಲಿ. ಕಿತ್ತಳೆ ಫಿಲ್ಟರನ್ನು ನಾನು ಸೂಚಿಸುವುದಿಲ್ಲ. ಅದು ಹಸಿರಿನಲ್ಲಿ ಒಂದಷ್ಟನ್ನು ನುಂಗುವುದರಿಂದ ಆಕಾಶದ ನೀಲಿ ಸೊರಗುತ್ತದೆ. ಕ್ಯಾಮೆರಾವನ್ನು ಮನೆಯಲ್ಲಿ ಬಿಚ್ಚಲು ಹೋಗಬೇಡಿ: ಬ್ಯಾಟರಿ ತೆಗೆದ ಮೇಲೂ ಫ್ಲ್ಯಾಶಿನ ಕೆಪಾಸಿಟರ್‌ನಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ.

ಪ್ರಶ್ನೆ: ನನ್ನದು ಅವಗೆಂಪು ತಡೆಯುವ ಗಾಜನ್ನು ತೆಗೆಸಿದ ಕ್ಯಾಮೆರಾ. 850 ನ್ಯಾನೋಮೀಟರ್‌ನ ಫಿಲ್ಟರ್ ಹಾಕಿ ತೆಗೆದ ಅಗಸ್ತ್ಯ ತೀರ್ಥ ಕೆರೆಯ ಚಿತ್ರದಲ್ಲಿ ಕೆಂಪು-ನೀಲಿ ಚಾನೆಲ್‌ಗಳನ್ನು ಅದಲುಬದಲು ಮಾಡಿದರೂ ಬಣ್ಣ ಬರುತ್ತಿಲ್ಲವೇಕೆ?
– ಓದುಗರೊಬ್ಬರು, ಬಾದಾಮಿ

ಉತ್ತರ: ಸುಮಾರು 850ರಿಂದಾಚೆಗೆ ಸೆನ್ಸರಿನ ಮೂರೂ ಬಣ್ಣಗಳ ಕಣಗಳು ಅವಗೆಂಪನ್ನು ಒಂದೇ ಸಮನೆ ಒಳಬಿಡುವುದರಿಂದ ಅದಲುಬದಲು ಮಾಡಲು ಅಲ್ಲಿ ವ್ಯತ್ಯಾಸವೇ ಇರುವುದಿಲ್ಲ. ಬಣ್ಣ ಬೇಕಿದ್ದರೆ 590 ಅಥವಾ 665ರ ಫಿಲ್ಟರ್ ಬಳಸಿ. 850 ಇರುವುದು ಕಪ್ಪು-ಬಿಳುಪಿಗೆ. ನೀರು ಅವಗೆಂಪನ್ನು ಹೀರುವುದರಿಂದ ನಿಮ್ಮ ತೀರ್ಥ ಅದರಲ್ಲಿ ಕಡುಕಪ್ಪಾಗಿಯೂ ದಡದ ಮರಗಳು ಬೆಳ್ಳಗೂ ಬರುತ್ತವೆ.