ಜಪಾನಿನ ಐಸ್ ಸ್ಕೇಟರ್ ಯುಜುರು ಹನ್ಯು ಸ್ಪರ್ಧೆ ಬಿಟ್ಟಾಯ್ತು. ಈಗಲೂ ಅವರ ಜಿಗಿತ ನೋಡಿ ನನ್ನ ಆಕ್ಸೆಲ್ (ಗಾಳಿಯಲ್ಲಿ ಸುತ್ತುವ ಒಂದು ಜಿಗಿತ) ಬದಲಿಸಿಕೊಳ್ಳೋದರಲ್ಲಿ ಅರ್ಥ ಇದೆಯಾ?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೇ ಕೈ ಎಡಮಂಡಿಗೆ ಹೋಯಿತು. ಯಾಕೆ ಅಂತ ಹೇಳ್ತೀನಿ.

ನಾನು ಕಾರವಾರದವಳು. ಐದನೇ ಕ್ಲಾಸಿನಿಂದ ರೋಲರ್ ಸ್ಕೇಟಿಂಗ್, ನಾಲ್ಕು ಚಕ್ರದ್ದು. ಐಸ್ ಅಂದ್ರೆ ನಮ್ಮೂರಲ್ಲಿ ಮೀನಿನ ಪೆಟ್ಟಿಗೆಗೆ ಹಾಕೋದು, ಅಷ್ಟೇ. ಆದರೂ ಯುಜುರು ಹನ್ಯು ಹುಚ್ಚು.

2022ರ ಫೆಬ್ರವರಿ 10. ಶಿರಸಿ ಹತ್ತಿರ ಅಜ್ಜನ ಮನೆಯಲ್ಲಿದ್ದೆ. ಅಲ್ಲಿ ಸಿಗ್ನಲ್ ಸಿಗೋದು ಸೊಪ್ಪಿನ ಬೆಟ್ಟ ಹತ್ತಿದರೆ ಮಾತ್ರ. ಬೀಜಿಂಗ್ ಒಲಿಂಪಿಕ್ಸಿನ ಆ ಜಿಗಿತ ನೋಡಿದ್ದೂ ಅಲ್ಲೇ, ತರಗೆಲೆ ಮೇಲೆ ಕೂತು. ನಾಲ್ಕೂವರೆ ಸುತ್ತಿನ ಆಕ್ಸೆಲ್, ಕ್ವಾಡ್ ಆಕ್ಸೆಲ್ ಅಂತಾರೆ. ಸುತ್ತು ಪೂರ್ತಿ ಆಗಲಿಲ್ಲ, ಬಿದ್ದರು, ಕೊನೆಗೆ ನಾಲ್ಕನೇ ಸ್ಥಾನ. ಆದರೂ ಸ್ಪರ್ಧೆಯಲ್ಲಿ ಕ್ವಾಡ್ ಆಕ್ಸೆಲ್ ಅಂತ ಲೆಕ್ಕಕ್ಕೆ ಬಂದ ಮೊದಲ ಜಿಗಿತ ಅದೇ.

ಅದನ್ನು ನಿಲ್ಲಿಸಿ ನಿಲ್ಲಿಸಿ ಎಷ್ಟು ಸಲ ನೋಡಿದೆನೋ. ಬ್ಲೇಡ್ ಐಸ್ ಬಿಡುವ ಫ್ರೇಮಿನಲ್ಲಿ ಅವರ ಮೈ ಆಗಲೇ ತಿರುಗಿತ್ತು. ಓಹೋ, ಗುಟ್ಟು ಇದೇ ಅಂದುಕೊಂಡೆ. ಮೊದಲೇ ಭುಜ ತಿರುಗಿಸಿಬಿಟ್ಟರೆ ನನ್ನ ಒಂದೂವರೆ ಸುತ್ತು ಎರಡೂವರೆ ಆಗುತ್ತೆ!

ತಪ್ಪು ಇಲ್ಲೇ ಆಗಿದ್ದು. ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ. ಸ್ಪರ್ಧೆಯ ಮುಖ್ಯ ಜಿಗಿತಗಳಲ್ಲಿ ಮುಂದಕ್ಕೆ ನೋಡುತ್ತ ಹಾರುವುದು ಆಕ್ಸೆಲ್ ಒಂದೇ. ಎಡಗಾಲಿನ ಹೊರ ಅಂಚಿನ ಮೇಲೆ ಬಾಗಿ ಬರಬೇಕು, ಬಲಗಾಲು ಬೀಸಿ ಮೇಲೇಳಬೇಕು, ಹಿಮ್ಮುಖವಾಗಿ ಬಲಗಾಲಿನ ಮೇಲೆ ಇಳಿಯಬೇಕು. ಐಸ್ ಮೇಲೆ ಏಳುವ ಹೊತ್ತಿಗೆ ಬ್ಲೇಡ್ ಚೂರು ಜಾರಿ ತಾನೂ ತಿರುಗುತ್ತೆ. ಪಾದ, ಮಂಡಿ, ಸೊಂಟ, ಭುಜ ಎಲ್ಲ ಜೊತೆಗೇ ಹೋಗುತ್ತವೆ. ನಾನು ನೋಡಿದ ಆ ತಿರುಗಿದ ಭುಜ ಬಾಗಿ ಬಂದ ಓಟದಿಂದ ಬಂದಿದ್ದು. ನಾನು ಓಟ ಬಿಟ್ಟು ಭುಜ ಕಲಿತೆ.

ಅಡಿಕೆ ಕೊಯ್ಲು ಮುಗಿದು ಅಜ್ಜನ ಅಂಗಳ ಖಾಲಿಯಾಗಿತ್ತು. ಒಳ್ಳೆ ಸಿಮೆಂಟ್ ಅಂಗಳ. ಓಡಿ ಬಂದೆ, ಭುಜ ತಿರುಗಿಸಿದೆ. ಚಕ್ರ ಸಿಮೆಂಟನ್ನು ಕಚ್ಚಿ ಹಿಡಿಯಿತು. ಒದ್ದೆ ಬಟ್ಟೆ ಹಿಂಡುವಾಗ ಒಂದು ತುದಿ ಗಟ್ಟಿ ಹಿಡಿದು ಇನ್ನೊಂದು ತುದಿ ತಿರುಚ್ತೀವಲ್ಲ, ಹಾಗಾಯ್ತು. ಪಾದ ಅಲ್ಲೇ, ಭುಜ ಆಚೆ, ನಡುವೆ ನನ್ನ ಮಂಡಿ. ಲಿಗಮೆಂಟ್ ಹರಿದು ಎಂಟು ತಿಂಗಳು ಸ್ಕೇಟ್ ಮುಟ್ಟಲಿಲ್ಲ. ಅದರಿಂದ ಕಲಿತದ್ದು ಇಷ್ಟೇ: ಮೊದಲು ಮೇಲೆ ಹಾರೋದು, ಆಮೇಲೆ ಸುತ್ತು. ಗಾಳಿಯಲ್ಲಿ ಕೈ ಎದೆಗೆ ಎಳೆದುಕೊಂಡಾಗ ಸುತ್ತು ತಾನೇ ಜೋರಾಗುತ್ತೆ. ನೆಲದ ಮೇಲೇ ಸುತ್ತು ಕದಿಯಲು ಹೋಗಬೇಡಿ. ಸಿಮೆಂಟಿನ ಮೇಲಂತೂ ಬೇಡವೇ ಬೇಡ.

ಮಂಡಿಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದಾಗಲೇ, ಜುಲೈ 19ಕ್ಕೆ, ಹನ್ಯು ಸ್ಪರ್ಧೆ ಬಿಟ್ಟು ವೃತ್ತಿಪರರಾಗುತ್ತಾರೆ ಅನ್ನೋ ಸುದ್ದಿ ಬಂತು. ಅತ್ತುಬಿಟ್ಟೆ. ಎಂಬತ್ತರ ಹತ್ತಿರದಲ್ಲೂ ವೇಷ ಕಟ್ಟುತ್ತಿದ್ದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಯಕ್ಷಗಾನದ ಆಟಕ್ಕೆ ರಾತ್ರಿಯೆಲ್ಲ ಕೂತವರು ನಮ್ಮಜ್ಜ. ಕವಳ ಹಾಕುತ್ತ ಕೇಳಿದರು, "ಮೇಳ ಬಿಟ್ಟ ಕೂಡ್ಲೆ ವೇಷ ಬಿಟ್ಟ ಹಾಂಗೆ ಆತನೆ ಕೂಸೆ?"

ಅದಕ್ಕೇ "ಸ್ಪರ್ಧೆ ಬಿಟ್ಟಾಯ್ತು, ಇನ್ನು ಅರ್ಥ ಇದೆಯಾ" ಅನ್ನೋ ನಿಮ್ಮ ಮಾತೇ ನನಗೆ ಸರಿ ಕಾಣೋದಿಲ್ಲ. 2023ರ ಫೆಬ್ರವರಿಯಲ್ಲಿ ಅವರು ಟೋಕಿಯೊ ಡೋಮಿನಲ್ಲಿ 35,000 ಜನರ ಮುಂದೆ ಇಡೀ ಶೋ ಒಬ್ಬರೇ ಮಾಡಿದರು. ತೀರ್ಪುಗಾರರಿಲ್ಲ, ಅಂಕ ಇಲ್ಲ. ಸ್ಪರ್ಧೆಯಲ್ಲಿ ಕ್ವಾಡ್ ಆಕ್ಸೆಲ್ ಮಾಡಿ ಮೊದಲು ಸರಿಯಾಗಿ ನಿಂತವನು ಅಮೆರಿಕದ ಇಲಿಯಾ ಮಲಿನಿನ್, ಅದೂ 2022ರ ಸೆಪ್ಟೆಂಬರಿನಲ್ಲೇ. ಆಗಲಿ ಬಿಡಿ. ನಾನು ಹನ್ಯು ನೋಡೋದು ನಿಲ್ಲಿಸಿಲ್ಲ.

ಇನ್ನು ಜಿಗಿತ ಬದಲಿಸುವ ವಿಷಯ. ಹನ್ಯು ಅವರೇ 2017ರಲ್ಲಿ ಲುಟ್ಜ್ ಅನ್ನೋ ಇನ್ನೊಂದು ಜಿಗಿತದ ಕ್ವಾಡ್ (ನಾಲ್ಕು ಸುತ್ತಿನದು) ಅಭ್ಯಾಸದಲ್ಲಿ ಬಲ ಕಣಕಾಲು ಪೆಟ್ಟು ಮಾಡಿಕೊಂಡರು. ಮೂರು ತಿಂಗಳಿಗೆ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಲುಟ್ಜ್ ಬಿಟ್ಟರು, ಲೂಪ್ ಅನ್ನೋ ಜಿಗಿತವನ್ನೂ ಬಿಟ್ಟರು, ಹಳೆಯ ಜಿಗಿತಗಳಾದ ಸಾಲ್ಕೋವ್, ಟೋ ಲೂಪ್ ಎರಡೇ ಕ್ವಾಡ್ ಇಟ್ಟುಕೊಂಡು ಚಿನ್ನ ಗೆದ್ದರು. ನೀವು ಅವರ ಹೊಸ ಜಿಗಿತದ ಹಿಂದೆ ಬಿದ್ದಿದ್ದೀರಿ. ಹಳೆಯ ಟ್ರಿಪಲ್ ಆಕ್ಸೆಲ್, ಅಂದ್ರೆ ಮೂರೂವರೆ ಸುತ್ತಿನದು, ನೋಡಿ, ಅದರಲ್ಲೂ ಹಾರುವ ಮುಂಚಿನ ಐದು ಸೆಕೆಂಡ್. ಮೊಬೈಲ್ ಪರದೆಯ ಮೇಲ್ಭಾಗವನ್ನು ಕೈಯಲ್ಲಿ ಮುಚ್ಚಿ, ಬರೀ ಕಾಲು ನೋಡಿ. ನಾನು ಈಗ ಹಾಗೇ ನೋಡೋದು.

ನಿಮ್ಮದೊಂದು ವಿಡಿಯೊ ಇಲ್ಲಿ ಹಾಕಿ, ಪಕ್ಕದಿಂದ ತೆಗೆದದ್ದು, ಎಡಪಾದ ಕಾಣೋ ಹಾಗೆ. ಮುಖ ಬೇಡ. ಅಲ್ಲಿವರೆಗೆ ಅಂಗಳದಲ್ಲಿ ಹಾರಬೇಡಿ, ಮಳೆ ಶುರುವಾಗಿ ಹಾವಸೆ ಕಟ್ಟಿದ್ದರಂತೂ ಆ ಕಡೆ ಹೋಗಲೇಬೇಡಿ.